ಚೆನ್ನಮ್ಮ ಕಣ್ಣೀರು ಹಾಕಲೇ ಇಲ್ಲವೇ?

ಅಕ್ಟೋಬರ್‌ನಲ್ಲಿ ಕಿತ್ತೂರು ಉತ್ಸವ ಹತ್ತಿರ ಬಂದಾಗ ಮೊಬೈಲಿಗೆ ಬರುವ ಫಾರ್ವರ್ಡ್‌ಗಳಲ್ಲಿ ಒಂದು ಧಾಟಿ ನಿಮಗೂ ಗೊತ್ತಿರಬಹುದು: ಎಂಥ ಕಷ್ಟ ಬಂದರೂ ರಾಣಿ ಚೆನ್ನಮ್ಮ ಕಣ್ಣೀರು ಹಾಕಲಿಲ್ಲ, ಈಗಿನವರು ಸಣ್ಣದಕ್ಕೂ ಕುಗ್ಗುತ್ತಾರೆ. ಆಕೆ ಅತ್ತಳೋ ಇಲ್ಲವೋ, ಕಂಡು ಹೇಳಿದವರು ಯಾರು?

ಆಕೆ ಕಳೆದುಕೊಂಡವರ ಲೆಕ್ಕ ಮಾತ್ರ ಸಿಗುತ್ತದೆ. 1778ರಲ್ಲಿ ಕಾಕತಿಯಲ್ಲಿ ಹುಟ್ಟಿ, ಕಿತ್ತೂರಿನ ದೊರೆ ಮಲ್ಲಸರ್ಜನ ಕೈಹಿಡಿದಳು. ಪೇಶ್ವೆಯ ಸೆರೆಯಲ್ಲಿ ನಲುಗಿದ ಗಂಡ 1816ರಲ್ಲಿ ತೀರಿಹೋದ. ಹೊಟ್ಟೆಯ ಮಗನೂ ಉಳಿಯಲಿಲ್ಲ. ಸವತಿ ರುದ್ರಮ್ಮನ ಮಗ, ದೊರೆ ಶಿವಲಿಂಗರುದ್ರಸರ್ಜ 1824ರಲ್ಲಿ ಮಕ್ಕಳಿಲ್ಲದೆ ಸತ್ತ. ದತ್ತು ತೆಗೆದುಕೊಂಡದ್ದನ್ನು ಕಂಪನಿ ಒಪ್ಪಲಿಲ್ಲ. (ಇದನ್ನು ಡಾಲ್‌ಹೌಸಿಯ ಕಾನೂನು ಎನ್ನುವ ಪೋಸ್ಟ್ ಬಂದರೆ ನಂಬಬೇಡಿ, ಆತ ಗವರ್ನರ್ ಜನರಲ್ ಆಗಿದ್ದು 1848ರಲ್ಲಿ.)

ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಯುದ್ಧದಲ್ಲಿ ಸತ್ತ. ಸೆರೆ ಸಿಕ್ಕ ಎಲಿಯಟ್, ಸ್ಟೀವನ್‌ಸನ್ ಎಂಬ ಅಧಿಕಾರಿಗಳು ಜೀವಂತ ಮರಳಿದರು. ಡಿಸೆಂಬರ್‌ನಲ್ಲಿ ಕೋಟೆ ಬಿತ್ತು. ಆಮೇಲೆ ಬೈಲಹೊಂಗಲದ ಸೆರೆ, ನಾಲ್ಕು ವರ್ಷಕ್ಕೂ ಹೆಚ್ಚು. 1829ರ ಫೆಬ್ರವರಿಯಲ್ಲಿ ಅಲ್ಲೇ ಕೊನೆಯುಸಿರು. ಸಮಾಧಿಯೂ ಅಲ್ಲೇ ಇದೆ. ಗೆದ್ದ ಒಂದು ದಿನವನ್ನು ಹೊಗಳುವ ಫಾರ್ವರ್ಡ್‌ಗಳು ಆ ನಾಲ್ಕು ವರ್ಷವನ್ನು ದಾಟಿ ಹೋಗುವುದು ನನಗೆ ಸರಿ ಕಾಣುವುದಿಲ್ಲ.

ಪಿಟಿಎಸ್‌ಡಿ ಎಂಬ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿ ಸೇರಿದ್ದೇ 1980ರಲ್ಲಿ. ರಾಣಿಗೆ ಅದು ಇತ್ತೆಂದು ಹೇಳುವುದೂ ತಪ್ಪೇ. ಆದರೆ ಆಘಾತದ ನಂತರ ದೇಹ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಈಗ ಗೊತ್ತಿದೆ. ಅಪಾಯ ಮುಗಿದರೂ ಮಿದುಳು ಕಾವಲು ಬಿಡದೆ ಇರಬಹುದು. ನಿದ್ದೆ ಹತ್ತುವುದಿಲ್ಲ, ಸಣ್ಣ ಸಪ್ಪಳಕ್ಕೂ ಎದೆ ಧಸಕ್ಕೆನ್ನುತ್ತದೆ. ಕೆಲವರು ಸಿಡುಕುತ್ತಾರೆ, ಕೆಲವರು ಕಲ್ಲಿನಂತೆ ಸುಮ್ಮನಾಗುತ್ತಾರೆ. ಅಳು ಬಾರದ್ದನ್ನೇ ಧೈರ್ಯ ಎಂದುಕೊಳ್ಳುತ್ತೇವೆ. ನಮ್ಮ ಕಡೆ ಗಟ್ಟಿಗಿತ್ತಿ ಎಂದು ಹೊಗಳಿಬಿಟ್ಟರೆ, ಆಕೆ ನೋವು ಹೇಳಿಕೊಳ್ಳುವ ಬಾಗಿಲೂ ಮುಚ್ಚಿದಂತೆ.

2019ರ ಮಲಪ್ರಭೆಯ ನೆರೆ ಕಂಡ ರಾಮದುರ್ಗದ ಅಜ್ಜಿ ಮಳೆ ಜೋರಾದಾಗ ಮನೆಯವರ ಮೇಲೆ ರೇಗಿದರೆ, ಅದು ಹಟ ಅಲ್ಲದೆಯೂ ಇರಬಹುದು. ಕಾರಣ ಗೊತ್ತಾದ ಸೊಸೆ ಎದುರು ಮಾತಾಡುವ ಬದಲು ಚಹಾ ತಂದು ಪಕ್ಕದಲ್ಲಿ ಕೂರಬಹುದು. ಆಗಿದ್ದನ್ನೆಲ್ಲ ಹೇಳು ಎಂದು ಒತ್ತಾಯಿಸಬೇಕಿಲ್ಲ. ತಿಂಗಳುಗಟ್ಟಲೆ ಊಟ, ನಿದ್ದೆ ಸರಿಹೋಗದಿದ್ದರೆ ಧಾರವಾಡದ ಡಿಮ್ಹಾನ್ಸ್ ಇದೆ. ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.