ದೀಪ ಹಿಡಿದಾಕೆಯ ಗಣಿತ

ಕಳೆದ ವರ್ಷ ನನ್ನ ತಂಗಿ ಗಣಿತದ ವ್ಯಾಸಂಗವನ್ನು ಬಿಟ್ಟು ದಾದಿಯರ ಶಿಕ್ಷಣಕ್ಕೆ ಸೇರಿದಳು. ಲೆಕ್ಕದಲ್ಲಿ ಅಷ್ಟು ಜಾಣೆಯಾದವಳ ವಿದ್ಯೆ ವ್ಯರ್ಥವಾಯಿತೆಂದು ಮರುಗಿದೆ. ಅವಳೊಡನೆ ಜಗಳವನ್ನೂ ಆಡಿದೆ. ಫ್ಲಾರೆನ್ಸ್ ನೈಟಿಂಗೇಲಳ ಚರಿತ್ರೆಯನ್ನು ಓದಿದ ಮೇಲೆ ನನಗೇ ನಾಚಿಕೆಯಾಯಿತು.

1820ರಲ್ಲಿ ಇಟಲಿಯಲ್ಲಿ ಹುಟ್ಟಿದ ಈ ಸಿರಿವಂತ ಆಂಗ್ಲ ಕನ್ಯೆಗೆ ಗಣಿತವೆಂದರೆ ಪ್ರಾಣ. ವಿದುಷಿಯಾಗಿಯೋ ಗೃಹಿಣಿಯಾಗಿಯೋ ಸುಖವಾಗಿ ಬಾಳಬಹುದಾಗಿತ್ತು. ಆದರೆ ಮನೆಯವರ ವಿರೋಧವನ್ನೂ ಗಣಿಸದೆ ಶುಶ್ರೂಷೆಯನ್ನೇ ಆರಿಸಿಕೊಂಡಳು. 1854ರಲ್ಲಿ ಕ್ರಿಮಿಯಾ ಯುದ್ಧದ ಸೈನಿಕರಿದ್ದ ಸ್ಕುಟಾರಿಯ ಆಸ್ಪತ್ರೆಗೆ ದಾದಿಯರ ತಂಡದೊಡನೆ ಹೋದಳು. ಅಲ್ಲಿ ಇರುಳೆಲ್ಲ ದೀಪ ಹಿಡಿದು ರೋಗಿಗಳನ್ನು ನೋಡಿಕೊಂಡಳೆಂಬುದನ್ನು ಲೋಕವೆಲ್ಲ ಬಲ್ಲದು.

ಯುದ್ಧ ಮುಗಿದ ಮೇಲೆ ಆಕೆ ಸತ್ತವರ ಲೆಕ್ಕವನ್ನು ತೆಗೆದಳು. ಗಾಯಗಳಿಂದ ಮಡಿದವರಿಗಿಂತ, ಕೊಳಕಿನಿಂದ ಹರಡಿದ, ತಡೆಯಬಹುದಾಗಿದ್ದ ರೋಗಗಳಿಗೆ ಬಲಿಯಾದವರೇ ಬಹಳ ಮಂದಿ. ಇದನ್ನು ಬಣ್ಣದ ನಕ್ಷೆಗಳಲ್ಲಿ ತೋರಿಸಿ ಸರ್ಕಾರದ ಕಣ್ಣು ತೆರೆಸಿದಳು. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘವು ಆಕೆಯನ್ನು ತನ್ನ ಮೊದಲ ಮಹಿಳಾ ಸದಸ್ಯೆಯಾಗಿ ಆರಿಸಿತು. 1860ರಲ್ಲಿ ಅದೇ ನಗರದಲ್ಲಿ ಆಕೆಯ ಹೆಸರಿನಲ್ಲಿ ದಾದಿಯರ ಶಾಲೆ ತೆರೆಯಿತು. 1910ರಲ್ಲಿ ಆಕೆ ತೀರಿಕೊಂಡಳು.

ಆ ಪುಣ್ಯವತಿಯ ಗಣಿತ ವ್ಯರ್ಥವಾಗಲಿಲ್ಲ. ಎಷ್ಟೋ ಜೀವಗಳನ್ನು ಉಳಿಸಿತು. ಇದನ್ನೆಲ್ಲ ಬರೆದು, ತಂಗಿಯ ಹಳೆಯ ಗಣಿತದ ಪುಸ್ತಕಗಳನ್ನು ಅವಳ ಹಾಸ್ಟೆಲಿಗೆ ಅಂಚೆಯಲ್ಲಿ ಕಳುಹಿಸಿದ್ದೇನೆ.