ಪಿಡ್ಡನಾಯಕ

ಪಿಡ್ಡನಾಯಕನು ಇಂದಿನ ಯಾದಗಿರಿ ಜಿಲ್ಲೆಯ ವಾಗಣಗೇರಾದಿಂದ ಆಳಿದ ಬೇಡ ನಾಯಕ ದೊರೆ. ಸುರಪುರ ಸಂಸ್ಥಾನದ ಮನೆತನಕ್ಕೆ ಸೇರಿದವನು. ಮೊಗಲ್ ಚಕ್ರವರ್ತಿ ಔರಂಗಜೇಬನು ಸ್ವತಃ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆಯನ್ನು 1705ರಲ್ಲಿ ಎದುರಿಸಿದ್ದರಿಂದ ಈತ ಪ್ರಸಿದ್ಧನಾಗಿದ್ದಾನೆ. ಮೊಗಲ್ ಇತಿಹಾಸಕಾರರು ಈತನನ್ನು ಪಿಡಿಯಾ ನಾಯಕನೆಂದು ಕರೆದಿದ್ದಾರೆ.

ಹಿನ್ನೆಲೆ

ಈತನ ಹಿರಿಯನಾದ ಪಾಮನಾಯಕನು ಬಿಜಾಪುರದ ಆದಿಲ್ ಶಾಹಿಗಳಿಗೆ ನೆರವಾಗಿದ್ದವನು. 1687ರಲ್ಲಿ ಸಗರವನ್ನು ಮೊಗಲರಿಗೆ ಒಪ್ಪಿಸಿದ ಕೆಲವೇ ದಿನಗಳಲ್ಲಿ ಪಾಮನಾಯಕ ತೀರಿಕೊಂಡನು. ಪಿಡ್ಡನಾಯಕನು ಸ್ವಲ್ಪಕಾಲ ಮೊಗಲ್ ಸೇವೆಯಲ್ಲಿದ್ದು, ಬಳಿಕ ವಾಗಣಗೇರಾಕ್ಕೆ ಮರಳಿ ಗುಡ್ಡದ ಮೇಲಿನ ಕೋಟೆಯನ್ನು ಬಲಪಡಿಸಿದನು. ಮೊಗಲರು ಹಲವು ಬಾರಿ ಸೈನ್ಯ ಕಳುಹಿಸಿದರೂ ಈತ ಸಂಪೂರ್ಣವಾಗಿ ಮಣಿಯಲಿಲ್ಲ.

ಕೋವಿಪಡೆ

ಬೇಡರ ಕಾಲಾಳುಗಳು ಗುರಿಕಾರರೆಂದು ದಖ್ಖನಿನಲ್ಲೆಲ್ಲ ಹೆಸರಾಗಿದ್ದರು. ಅಂದಿನ ಕೋವಿಯ ನಳಿಗೆಯ ಬಾಯಿಂದ ಮದ್ದು ಮತ್ತು ಗುಂಡನ್ನು ಗಜದಿಂದ ತುಂಬಿ, ಹೊಗೆಯಾಡುವ ಬತ್ತಿಯನ್ನು ತಾಗಿಸಿ ಹಾರಿಸಬೇಕಿತ್ತು. ಮದ್ದು, ಗುಂಡು, ಕಿಡಿ ಮೂರೂ ಒಂದೇ ತೋಟಾದಲ್ಲಿ ಅಡಗುವ ಬಂದೂಕು ಬರಲು ಇನ್ನೂ ನೂರಕ್ಕೂ ಹೆಚ್ಚು ವರ್ಷಗಳಿದ್ದವು. ಮದ್ದಿಗೆ ತೇವ ತಾಗಿದರೆ ಅಥವಾ ನಳಿಗೆಯೊಳಗಿನ ಮಸಿಯನ್ನು ತೆಗೆಯದಿದ್ದರೆ ಕೋವಿ ಕೈಕೊಡುತ್ತಿತ್ತು. ಹೀಗಾಗಿ ಆಯುಧವನ್ನು ಕಾಪಾಡುವುದೂ ಗುರಿಯಿಡುವಷ್ಟೇ ದೊಡ್ಡ ವಿದ್ಯೆಯಾಗಿತ್ತು.

ವಾಗಣಗೇರಾ ಮುತ್ತಿಗೆ

1705ರ ಫೆಬ್ರುವರಿ 8ರಂದು ಔರಂಗಜೇಬನ ಸೈನ್ಯ ವಾಗಣಗೇರಾದ ಎದುರು ಬೀಡುಬಿಟ್ಟಿತು. ಕೋಟೆಗೆ ಎದುರಾಗಿದ್ದ ಕೆಂಪು ಗುಡ್ಡವನ್ನು ಮೊಗಲರು ಒಮ್ಮೆ ಹಿಡಿದರೂ ಬೇಡರು ಗುಂಡು ಮತ್ತು ಕಲ್ಲುಗಳ ಮಳೆಗರೆದು ಅವರನ್ನು ಕೆಳಗಟ್ಟಿದರು. ಮಾರ್ಚ್ ಕೊನೆಯಲ್ಲಿ ಧನಾಜಿ ಜಾಧವನ ನೇತೃತ್ವದ ಮರಾಠರು ನೆರವಿಗೆ ಬಂದರು. ಅವರ ಕುಟುಂಬಗಳು ಆ ಕೋಟೆಯಲ್ಲೇ ಆಶ್ರಯ ಪಡೆದಿದ್ದವು. ನಾಯಕನು ಸಂಧಿಯ ಮಾತು ತೆಗೆದು, ತಮ್ಮನನ್ನು ಮೊಗಲ್ ಬೀಡಿಗೆ ಕಳುಹಿಸಿದನು. ಚಕ್ರವರ್ತಿಯ ಪಾಳೆಯದಲ್ಲಿ ವಿಜಯೋತ್ಸವವೂ ನಡೆದುಹೋಯಿತು. ಆದರೆ ಅದು ಕಾಲಹರಣದ ಉಪಾಯವೆಂದು ತಿಳಿಯಲು ತಡವಾಗಲಿಲ್ಲ.

ಕೋಟೆಯನ್ನು ಬೀಳಿಸಿದ್ದು ನೀರು. ಬೇಡರು ನೀರು ಸೇದುತ್ತಿದ್ದ ಬಾವಿಗಳನ್ನು ಸೇನಾನಿ ಜುಲ್ಫಿಕರ್ ಖಾನನು ವಶಪಡಿಸಿಕೊಂಡನು. ಬೇಸಿಗೆಯ ನಡುವೆ, ಏಪ್ರಿಲ್ 27ರ ದಾಳಿಯ ನಂತರ, ಪಿಡ್ಡನಾಯಕನು ರಾತ್ರೋರಾತ್ರಿ ಮರಾಠರೊಡನೆ ತಪ್ಪಿಸಿಕೊಂಡನು. ಮೊಗಲರಿಗೆ ಸಿಕ್ಕಿದ್ದು ಬೆಂಕಿ ಬಿದ್ದ ಬರಿಯ ಕೋಟೆ, ನಾಯಕ ಸಿಗಲಿಲ್ಲ.

ದೇವಾಪುರ ಮತ್ತು ನಂತರ

ಮುತ್ತಿಗೆ ಮುಗಿದ ಮೇಲೆ ಔರಂಗಜೇಬನು ಕೃಷ್ಣಾ ನದಿಯ ಸಮೀಪದ ದೇವಾಪುರದಲ್ಲಿ ಮಳೆಗಾಲ ಕಳೆಯಲು ತಂಗಿದನು. ಎಂಬತ್ತಾರರ ವಯಸ್ಸಿನ ಚಕ್ರವರ್ತಿ ಅಲ್ಲಿ ತೀವ್ರವಾಗಿ ಕಾಯಿಲೆ ಬಿದ್ದು, ಪ್ರಜ್ಞೆ ತಪ್ಪುವ ಸ್ಥಿತಿಗೆ ತಲುಪಿದ್ದರಿಂದ ಪಾಳೆಯದಲ್ಲಿ ಭೀತಿ ಹಬ್ಬಿತು. ಚೇತರಿಸಿಕೊಂಡು ಅಕ್ಟೋಬರಿನಲ್ಲಿ ಉತ್ತರಕ್ಕೆ ಹೊರಟ ಆತ 1707ರಲ್ಲಿ ಅಹ್ಮದ್‌ನಗರದಲ್ಲಿ ಮರಣಹೊಂದಿದನು. ಪಿಡ್ಡನಾಯಕನ ಮನೆತನ ಮಾತ್ರ ಉಳಿಯಿತು. ಸುರಪುರ ಅದರ ರಾಜಧಾನಿಯಾಗಿ ಬೆಳೆಯಿತು. 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ರಾಜಾ ವೆಂಕಟಪ್ಪ ನಾಯಕನು ಇದೇ ಮನೆತನದವನು.