ಭಂಡಾರಿ ಬಸವಣ್ಣನವರು ಮತ್ತು ಸಂಪತ್ತಿನ ಪ್ರಶ್ನೆ

ಬಾದಾಮಿಯಿಂದ ಹೊರಟು ಐಹೊಳೆಯ ಮೇಲೆ ಹಾಯ್ದು ಹುನಗುಂದ ಸೀಮೆಯ ಕೂಡಲಸಂಗಮವನ್ನು ಮುಟ್ಟುವ ಪ್ರವಾಸ ಒಂದು ದಿನಕ್ಕೆ ಮೀರಿದ್ದಲ್ಲ. ನಮ್ಮಲ್ಲಿ ಅನೇಕರು ಶಾಲೆಯ ದಿನಗಳಲ್ಲಿಯೇ ಈ ದಾರಿಯನ್ನು ಕಂಡವರು. ಆದರೆ ಇಷ್ಟು ಕಿರಿದಾದ ಹಾದಿಯಲ್ಲಿ ಮೂರು ದೊಡ್ಡ ಶಕ್ತಿಗಳು ತಮ್ಮ ಗುರುತನ್ನು ಬಿಟ್ಟುಹೋಗಿವೆ ಎಂಬುದನ್ನು ನಾವು ನೆನೆಯುವುದು ವಿರಳ. ಬಾದಾಮಿಯ ಬೆಟ್ಟದ ಮೇಲೆ 543ರಲ್ಲಿ ಒಂದನೆಯ ಪುಲಕೇಶಿ ಕೋಟೆಯನ್ನು ಕಟ್ಟಿಸಿದನು. ಅದು ಅರಸೊತ್ತಿಗೆಯ ಗುರುತು. ಐಹೊಳೆಯು ಐನೂರ್ವರೆಂಬ ವರ್ತಕ ಸಂಘದ ಮೂಲಸ್ಥಾನ. ಅದು ಹಣದ ಗುರುತು. ಕೃಷ್ಣೆ ಮಲಪ್ರಭೆಯರು ಕೂಡುವ ಸಂಗಮವು ಬಸವಣ್ಣನವರು ವಿದ್ಯೆ ಕಲಿತ ಹಾಗೂ ಲಿಂಗೈಕ್ಯರಾದ ಸ್ಥಳ; ಅದು ಮನುಷ್ಯರೆಲ್ಲರೂ ಸಮಾನರೆಂಬ ಭಾವನೆಯ ಗುರುತು.

ಅಧಿಕಾರ, ಹಣ, ಸಮಾನತೆ ಇವು ಮೂರೂ ಒಂದೇ ಮನೆಯಲ್ಲಿ ಬಾಳಬಲ್ಲವೆ? ಬಂಡವಾಳಶಾಹಿಯೂ ಪ್ರಜಾಪ್ರಭುತ್ವವೂ ಒಂದಕ್ಕೊಂದು ಹೊಂದುವವೆ ಎಂದು ನಮ್ಮ ಅರ್ಥಶಾಸ್ತ್ರದ ತರಗತಿಯಲ್ಲಿ ಕೇಳುವ ಪ್ರಶ್ನೆಯ ತಿರುಳೂ ಇದೇ ಆಗಿದೆ. ಈ ಎರಡು ಶಬ್ದಗಳು ಹನ್ನೆರಡನೆಯ ಶತಮಾನದಲ್ಲಿ ಇರಲಿಲ್ಲ. ಅವುಗಳನ್ನು ಇದ್ದಕ್ಕಿದ್ದಂತೆ ಆ ಕಾಲಕ್ಕೆ ಹೊರಿಸುವುದು ನ್ಯಾಯವಲ್ಲ. ಆದರೂ ಪ್ರಶ್ನೆ ಮಾತ್ರ ಇದ್ದಿತು. ಅದನ್ನು ಪುಸ್ತಕದಲ್ಲಲ್ಲ, ಬಾಳಿನಲ್ಲಿ ಎದುರಿಸಿದವರು ಬಸವಣ್ಣನವರು.

ಮೊದಲು ಆ ಕಾಲದ ಹಣದ ಬಲವನ್ನು ನೋಡೋಣ. ಅಯ್ಯಾವೊಳೆ ಐನೂರ್ವರು ಸಾಮಾನ್ಯ ಅಂಗಡಿಕಾರರಲ್ಲ. ಅವರ ಶಾಸನಗಳು ದಕ್ಷಿಣ ಭಾರತದಲ್ಲೆಲ್ಲ ದೊರೆತಿವೆ. ಕಡಲಾಚೆಯ ಸುಮಾತ್ರಾ ದ್ವೀಪದಲ್ಲಿ ಸಹ 1088ರ ಒಂದು ತಮಿಳು ಶಾಸನ ಈ ಸಂಘದ ಹೆಸರನ್ನು ಹೇಳುತ್ತದೆ. ಅವರಿಗೆ ತಮ್ಮದೇ ಬಿರುದುಗಳಿದ್ದವು, ಸರಕನ್ನು ಕಾಯುವ ಪಡೆಗಳಿದ್ದವು, ಕೂಡಿ ತೀರ್ಮಾನಿಸುವ ಸಭೆಗಳಿದ್ದವು. ಸಭೆ ಸೇರಿ ತಮ್ಮ ಸರಕಿನ ಮೇಲೆ ತಾವೇ ಸುಂಕ ಹಾಕಿಕೊಂಡು ದೇವಾಲಯಗಳಿಗೆ ದತ್ತಿ ಕೊಡುತ್ತಿದ್ದರು. ಇದರಲ್ಲಿ ಪ್ರಜಾಪ್ರಭುತ್ವದ ಛಾಯೆ ಕಾಣುವುದಿಲ್ಲವೆ ಎಂದು ಕೆಲವರು ಕೇಳಬಹುದು. ಕಾಣುತ್ತದೆ; ಆದರೆ ಅದು ವರ್ತಕರ ಸಭೆ. ಅಲ್ಲಿ ಕುಳಿತು ಮಾತಾಡಲು ಸರಕು ಬೇಕಾಗಿತ್ತು. ಆ ಸರಕನ್ನು ನೆಯ್ದವನಿಗೆ, ಹೊತ್ತವನಿಗೆ, ಹೊಳೆ ದಾಟಿಸಿದವನಿಗೆ ಅಲ್ಲಿ ಆಸನವಿರಲಿಲ್ಲ.

ಅವರಿಗೆ ಆಸನವನ್ನು ಕೊಟ್ಟವರ ಚರಿತ್ರೆ ಹೀಗಿದೆ. ಬಸವಣ್ಣನವರು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಬಾಗೇವಾಡಿಯ ಮಾದರಸ, ಮಾದಲಾಂಬಿಕೆಯರ ಮಗನಾಗಿ ಶೈವ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದರು. ಹುಟ್ಟಿನಿಂದ ಬಂದ ಮೇಲುಗೈಯನ್ನು ಅವರು ಎಳೆಯ ವಯಸ್ಸಿನಲ್ಲಿಯೇ ಬೇಡವೆಂದು ಜನಿವಾರವನ್ನು ತೊರೆದರು; ಮನೆಯನ್ನು ಬಿಟ್ಟು ಕೂಡಲಸಂಗಮಕ್ಕೆ ಬಂದರು. ಅಲ್ಲಿಯ ವಿದ್ಯಾಕೇಂದ್ರದಲ್ಲಿ ಗುರುವಿನ ಬಳಿ ಕಲಿತು, ಸಂಗಮನಾಥನ ಸೇವೆಯಲ್ಲಿ ಯೌವನವನ್ನು ಕಳೆದರು. ಅಕ್ಕ ನಾಗಮ್ಮನವರ ವಾತ್ಸಲ್ಯ ಅವರಿಗೆ ಕೊನೆಯವರೆಗೂ ಆಸರೆಯಾಗಿದ್ದಿತು.

ವಿದ್ಯೆ ಮುಗಿದ ಮೇಲೆ ಅವರು ಮಠವನ್ನು ಸೇರಲಿಲ್ಲ, ಕಾಡಿಗೆ ಹೋಗಲಿಲ್ಲ. ಮಂಗಳವಾಡಕ್ಕೆ, ಎಂದರೆ ಇಂದು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯಲ್ಲಿರುವ ಮಂಗಳವೇಢೆಗೆ ಹೋಗಿ, ಕಲಚುರಿ ಬಿಜ್ಜಳನ ಕಚೇರಿಯಲ್ಲಿ ಕರಣಿಕರಾದರು. ಈ ಸಂಗತಿಯನ್ನು ಹರಿಹರ ಕವಿ ತನ್ನ ರಗಳೆಯಲ್ಲಿ ಬಹು ಸೊಗಸಾಗಿ ಬಣ್ಣಿಸಿದ್ದಾನೆ. ನಮ್ಮ ವಿಷಯಕ್ಕೆ ಇದು ಬಹಳ ಮಹತ್ವದ್ದು. ಜಗತ್ತಿನ ಧರ್ಮಪುರುಷರಲ್ಲಿ ಲೆಕ್ಕದ ಕಡತ ಹಿಡಿದು ಜೀವನ ಆರಂಭಿಸಿದವರು ಎಷ್ಟು ಜನ? ಸಂಬಳದ ಮೇಲೆ ಬಾಳುವ ಮಧ್ಯಮ ವರ್ಗದ ಮನುಷ್ಯನ ಚಿಂತೆ ಬಸವಣ್ಣನವರಿಗೆ ಪರರಿಂದ ಕೇಳಿ ತಿಳಿದದ್ದಲ್ಲ. ಅದು ಅವರ ಸ್ವಂತ ಅನುಭವ.

ಬಿಜ್ಜಳನು ಚಾಲುಕ್ಯರ ಕೈಯಿಂದ ಕಲ್ಯಾಣದ ರಾಜ್ಯವನ್ನು ಕಸಿದುಕೊಂಡು 1162ರ ಹೊತ್ತಿಗೆ ಸಾರ್ವಭೌಮನಾದನು. ಕರಣಿಕ ಬಸವಣ್ಣನವರು ಭಂಡಾರಿಯಾದರು. ರಾಜ್ಯದ ಬೀಗದ ಕೈ ಅವರ ಕೈಗೆ ಬಂದಿತು. ಸೋದರಮಾವ ಬಲದೇವನ ಮಗಳು ಗಂಗಾಂಬಿಕೆ ಹಾಗೂ ನೀಲಾಂಬಿಕೆ ಅವರ ಮಡದಿಯರಾದರು. ಇಲ್ಲಿಗೆ ನಿಂತಿದ್ದರೆ ಇದು ಒಬ್ಬ ದಕ್ಷ ಅಧಿಕಾರಿಯ ಚರಿತ್ರೆಯಾಗುತ್ತಿತ್ತು. ಆದರೆ ಅವರ ಮನೆಯಲ್ಲಿ ಇನ್ನೊಂದು ಸಭೆ ಕೂಡತೊಡಗಿತು. ಅದೇ ಅನುಭವ ಮಂಟಪವೆಂದು ಪರಂಪರೆಯಲ್ಲಿ ಪ್ರಸಿದ್ಧವಾದ ಶರಣರ ಗೋಷ್ಠಿ. ಅಲ್ಲಮಪ್ರಭು ಅದಕ್ಕೆ ಅಧ್ಯಕ್ಷರು. ಅಗಸ ಮಾಚಯ್ಯ, ಅಂಬಿಗ ಚೌಡಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಸೌದೆ ಮಾರುವ ಮೋಳಿಗೆಯ ಮಾರಯ್ಯ, ಚರ್ಮ ಹದಮಾಡುವ ಕಕ್ಕಯ್ಯ, ನೂಲುವ ಕದಿರ ರೆಮ್ಮವ್ವೆ ಇವರೆಲ್ಲ ಅಲ್ಲಿಗೆ ಸಂಬಂಧಪಟ್ಟವರು. ಗಂಡಸರೊಡನೆ ಹೆಂಗಸರೂ ಮಾತಾಡಿದರು. ಐಹೊಳೆಯ ಸಭೆಯಲ್ಲಿ ಕೂಡ್ರಲು ಸರಕು ಬೇಕಾಗಿದ್ದರೆ ಇಲ್ಲಿ ಬೇಕಾದದ್ದು ಕಾಯಕ ಮಾತ್ರ.

ಈ ಜನರ ಆರ್ಥಿಕ ಸ್ಥಿತಿ ಎಂತಹದು? ಅವರಲ್ಲಿ ಹೆಚ್ಚಿನವರು ಸಿರಿವಂತರಲ್ಲ, ತಿರುಕರೂ ಅಲ್ಲ. ಒಬ್ಬನಿಗೆ ಮಗ್ಗ, ಒಬ್ಬನಿಗೆ ದೋಣಿ, ಒಬ್ಬನಿಗೆ ಗಾಣ. ಕೈಯಲ್ಲೊಂದು ಉಪಕರಣ, ಮನೆಯಲ್ಲೊಂದು ಕಸುಬು. ಆ ಉಪಕರಣವೇ ಅವರ ಬಂಡವಾಳ. ಅದು ಸ್ವಂತದ್ದಾಗಿದ್ದುದರಿಂದ ಅವರು ಮತ್ತೊಬ್ಬರ ಮುಖ ನೋಡದೆ ಮಾತಾಡಬಲ್ಲವರಾಗಿದ್ದರು. ಅರಸನಿಗೂ ಕೂಲಿಯವನಿಗೂ ನಡುವೆ ನಿಂತ ಈ ವರ್ಗವೇ ಶರಣ ಚಳವಳಿಯ ಬೆನ್ನೆಲುಬೆಂಬುದು ನನ್ನ ನಂಬಿಕೆ.

ಬಸವಣ್ಣನವರು ಸಂಪತ್ತನ್ನು ಪಾಪವೆಂದು ಬಗೆಯಲಿಲ್ಲ. ಹಾಗೆ ಬಗೆದವರು ಭಂಡಾರದ ಕೆಲಸ ಮಾಡಲಾರರು. ದುಡಿಯದೆ ಉಣ್ಣಬಾರದೆಂಬುದು ಕಾಯಕ; ದುಡಿದು ಉಳಿದದ್ದು ಸಮಾಜಕ್ಕೆ ಮರಳಬೇಕೆಂಬುದು ದಾಸೋಹ. ಇವೆರಡಕ್ಕೆ ಮೂರನೆಯದೊಂದನ್ನು ಅವರ ನಡೆ ಕಲಿಸಿತು, ಅದು ಲೆಕ್ಕ. ಭಂಡಾರದ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ಆಸ್ಥಾನಿಕರು ಅರಸನಲ್ಲಿ ದೂರಿದಾಗ, ಅವರು ಸಿಟ್ಟಾಗದೆ ಭಂಡಾರವನ್ನು ತೆರೆದು ಎಣಿಸಿಕೊಳ್ಳಲು ಬಿಟ್ಟರೆಂದೂ ಒಂದು ಹೊನ್ನೂ ಕಡಿಮೆಯಾಗಿರಲಿಲ್ಲವೆಂದೂ ಪುರಾಣಗಳು ಹೇಳುತ್ತವೆ. ಕಥೆಯಲ್ಲಿ ಪವಾಡದ ಅಂಶವಿರಬಹುದು. ಆದರೆ ಪರರ ಹಣ ಇಟ್ಟುಕೊಂಡವನು ಕೇಳಿದಾಗ ಬಾಗಿಲು ತೆರೆಯಬೇಕೆಂಬ ನೀತಿ ಪವಾಡವಲ್ಲ.

ಇಳಕಲ್‌ಗೆ ನೆರೆಯದಾದ ಲಿಂಗಸುಗೂರು ತಾಲೂಕಿನ ಅಮರೇಶ್ವರದಿಂದ ಬಂದ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆಯೂ ಇದನ್ನೇ ಸಾರುತ್ತದೆ. ಬಿದ್ದ ಅಕ್ಕಿಯನ್ನು ಆಯ್ದು ಬದುಕುವ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಮಿಕ್ಕದ್ದನ್ನು ಹಿಂದಕ್ಕೆ ಸುರಿದು ಬರುವಂತೆ ಲಕ್ಕಮ್ಮ ಗಂಡನನ್ನು ಕಳಿಸಿದಳು. ಬಡತನದಲ್ಲಿಯೂ ಕೂಡಿಡುವ ಆಸೆ ಮೊಳೆಯಬಲ್ಲದೆಂಬುದನ್ನು ಈ ಹೆಣ್ಣುಮಗಳು ಅರಿತಿದ್ದಳು.

ಇಂತಹ ಸಮಾಜ ಬಹುಕಾಲ ಬಾಳಲಿಲ್ಲ. ಸಭೆಯಲ್ಲಿ ಜೊತೆಗೆ ಕೂಡ್ರುವುದನ್ನು ಕಲ್ಯಾಣದ ಪ್ರತಿಷ್ಠಿತರು ಹೇಗೋ ಸಹಿಸಿದ್ದರು. ಆದರೆ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದಾಗ ಸಮಾನತೆ ಮಾತಿನಿಂದ ಮನೆಗೆ ಇಳಿಯಿತು. ಮದುವೆಯೆಂದರೆ ಆಸ್ತಿ, ಕುಲ, ಅಧಿಕಾರಗಳು ತಲೆಮಾರಿನಿಂದ ತಲೆಮಾರಿಗೆ ಹೋಗುವ ದಾರಿ. ಆ ದಾರಿಯನ್ನು ಮುಟ್ಟಿದ ಕೂಡಲೆ ರಾಜಶಕ್ತಿ ಕೆರಳಿತು. ಹರಳಯ್ಯ, ಮಧುವರಸರಿಗೆ ಘೋರವಾದ ಮರಣದಂಡನೆಯಾಯಿತು. ಬಸವಣ್ಣನವರು ಪದವಿಯನ್ನು ತ್ಯಜಿಸಿ ಸಂಗಮಕ್ಕೆ ಮರಳಿದರು. 1167-68ರ ಸುಮಾರಿಗೆ ಅವರು ಲಿಂಗೈಕ್ಯರಾದರು, ಬಿಜ್ಜಳನ ಕೊಲೆಯಾಯಿತು, ಶರಣರು ಉಳವಿಯ ಕಡೆಗೂ ಬೇರೆ ಬೇರೆ ದಿಕ್ಕುಗಳಿಗೂ ಚದುರಿದರು. ನಡುವಿನ ವರ್ಗ ಚದುರಿದೊಡನೆ ಸಭೆಯೂ ಮುಗಿಯಿತು. ಮುಂದೆ 1260ರ ಅರ್ಜುನವಾಡ ಶಾಸನ ಬಸವಣ್ಣನವರ ಹೆಸರನ್ನು ಸ್ಮರಿಸಿತು. ಆದರೆ ಆ ಕಲ್ಯಾಣ ಮರಳಿ ಬರಲಿಲ್ಲ.

ಇಂದಿನ ಮಾತಿಗೆ ಬರೋಣ. ಇಂಗ್ಲೆಂಡಿನಲ್ಲಿ 1832ರ ಸುಧಾರಣೆಯ ನಂತರವೂ ಆಸ್ತಿಯಿದ್ದವನಿಗೆ ಮಾತ್ರ ಮತವಿತ್ತು. ಹೆಣ್ಣು ಗಂಡು ಭೇದವಿಲ್ಲದ ಮತಾಧಿಕಾರಕ್ಕೆ ಆ ದೇಶ 1928ರವರೆಗೆ ಕಾಯಬೇಕಾಯಿತು. ನಾವು 1951-52ರ ಮೊದಲನೆಯ ಚುನಾವಣೆಯಲ್ಲಿಯೇ ಸಿರಿವಂತನಿಗೂ ಕೂಲಿಯವನಿಗೂ ಒಂದೊಂದೇ ಮತ ಕೊಟ್ಟೆವು. ಸಂಪತ್ತು ಕೆಲವರ ಕೈಯಲ್ಲಿ ಸೇರಿಕೊಂಡು ಎಲ್ಲರಿಗೂ ಹಾನಿಯಾಗದಂತೆ ರಾಜ್ಯ ನೋಡಿಕೊಳ್ಳಬೇಕೆಂದು ಸಂವಿಧಾನದ 39ನೆಯ ಅನುಚ್ಛೇದದಲ್ಲಿ ಬರೆದೆವು. ಆದರೆ ಪೇಟೆಯಲ್ಲಿ ಒಬ್ಬನಿಗೆ ಒಂದು ಮತವಿಲ್ಲ. ಅಲ್ಲಿ ಇದ್ದಷ್ಟು ಹಣಕ್ಕೆ ಅಷ್ಟು ಮಾತು. ಇವೆರಡರ ನಡುವಿನ ಜಗ್ಗಾಟದಲ್ಲಿ ಮೊದಲು ಸೋಲುವವನು ನಡುವಿನ ಮನುಷ್ಯ.

ಇದಕ್ಕೆ ದೂರದ ನಿದರ್ಶನ ಬೇಕಿಲ್ಲ. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ ನಾಡಿನಲ್ಲೆಲ್ಲ ಹೆಸರಾದವು. ಸ್ವಂತ ಮಗ್ಗ, ಸ್ವಂತ ನೂಲು ಇದ್ದ ನೇಕಾರ ಬಡವನಾಗಿದ್ದರೂ ಯಜಮಾನ. ರೇಷ್ಮೆಯ ಬೆಲೆ ಏರಿ, ವಿದ್ಯುತ್ ಮಗ್ಗದ ಅಗ್ಗದ ಸೀರೆ ಪೇಟೆಗೆ ಬಂದಾಗ ಅವನು ನೂಲಿಗಾಗಿ ಸಾಹುಕಾರನ ಬಳಿ ಹೋಗುತ್ತಾನೆ. ಬಳಿಕ ಅದೇ ಮಗ್ಗದಲ್ಲಿ ಸಾಹುಕಾರನ ಸೀರೆಯನ್ನು ಮಜೂರಿಗೆ ನೇಯುತ್ತಾನೆ. ಹೊರಗಿನಿಂದ ನೋಡಿದವರಿಗೆ ಏನೂ ಬದಲಾಗಿಲ್ಲ. ಮಗ್ಗದ ಸಪ್ಪಳ ಮೊದಲಿನಂತೆಯೇ ಕೇಳುತ್ತದೆ. ಆದರೆ ಮುಂಗಡದ ಸಾಲ ತಲೆಯ ಮೇಲಿರುವಾಗ ಊರ ಸಭೆಯಲ್ಲಿ ಸಾಹುಕಾರನ ಎದುರಿಗೆ ಮಾತಾಡುವವರು ಯಾರು? ಆಲಮಟ್ಟಿಯ ಹಿನ್ನೀರಿನಿಂದಾಗಿ ಬಾಗಲಕೋಟೆಯ ಹಳೆಯ ಪೇಟೆಯನ್ನು ಬಿಟ್ಟು ನವನಗರಕ್ಕೆ ಬಂದ ಸಣ್ಣ ವ್ಯಾಪಾರಿಗೆ ಪರಿಹಾರದ ಹಣ ಬಂದಿತು. ತಲೆಮಾರುಗಳ ಗಿರಾಕಿ ಬರಲಿಲ್ಲ. ಮಧ್ಯಮ ವರ್ಗದ ಇಳಿಕೆಯೆಂದರೆ ಆದಾಯದ ಇಳಿಕೆಯಷ್ಟೇ ಅಲ್ಲ. ದನಿಯ ಇಳಿಕೆಯೂ ಹೌದು.

ಹಾಗಾದರೆ ಬಂಡವಾಳವೂ ಪ್ರಜಾಪ್ರಭುತ್ವವೂ ಎಂದೂ ಹೊಂದಲಾರವೆ? ಬಸವಣ್ಣನವರ ಚರಿತ್ರೆಯಿಂದ ನಾನು ತಿಳಿದುಕೊಂಡದ್ದು ಇಷ್ಟು: ಬಂಡವಾಳ ಭಂಡಾರದಲ್ಲಿ ಇರಬಹುದು, ಸಿಂಹಾಸನದ ಮೇಲೆ ಕೂಡ್ರಬಾರದು. ಇದು ಕೇವಲ ಕನಸಲ್ಲ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದಲ್ಲಿ ನೇಕಾರರೇ ಮೊದಲಾದ ಕೆಲವರು ಕೂಡಿ ಅಂಗಡಿ ತೆರೆದು, ಶೇರು ಎಷ್ಟೇ ಇರಲಿ ಒಬ್ಬನಿಗೆ ಒಂದೇ ಮತವೆಂಬ ನಿಯಮ ಮಾಡಿದರು. 1904ರ ಕಾಯದೆಯ ಮರುವರ್ಷವೇ, 1905ರಲ್ಲಿ, ನಮ್ಮ ನೆರೆಯ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘವನ್ನು ಕಟ್ಟಿದರು. ಸಹಕಾರಿ ಸಂಘಗಳೂ ಕೆಡುತ್ತವೆ, ಅಲ್ಲಿಯೂ ಬಲಿಷ್ಠರು ಸೇರಿಕೊಳ್ಳುತ್ತಾರೆ ಎಂಬುದು ನಿಜ. ಆದರೆ ಅವು ಕೆಡುವುದು ಸದಸ್ಯರು ಲೆಕ್ಕ ಕೇಳುವುದನ್ನು ಬಿಟ್ಟಾಗ.

ಈಗ ಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪದ ಸುತ್ತ ನಾರಾಯಣಪುರ ಜಲಾಶಯದ ನೀರು ನಿಂತಿದೆ. ಮಂಟಪ ಮುಳುಗದಂತೆ ಸುತ್ತಲೂ ಬಾವಿಯಂತೆ ಎತ್ತರದ ಗೋಡೆ ಕಟ್ಟಿದ್ದಾರೆ. ಮೆಟ್ಟಿಲಿಳಿದು ದರ್ಶನ ಪಡೆಯಬೇಕು. ನೀರು ವೈರಿಯಲ್ಲ, ಅದರಿಂದಲೇ ಹೊಲಗಳು ಹಸಿರಾಗುತ್ತವೆ. ಆದರೆ ಗೋಡೆ ಬಿರುಕುಬಿಟ್ಟರೆ ಮಂಟಪ ಉಳಿಯದು.

ನಮ್ಮ ಕಾಲೇಜಿನಿಂದ ಹೊರಬಿದ್ದವರಲ್ಲಿ ಹಲವರು ನಾಳೆ ಬ್ಯಾಂಕಿನಲ್ಲಿ, ಸಂಘದಲ್ಲಿ, ಸರಕಾರಿ ಕಚೇರಿಯಲ್ಲಿ ಲೆಕ್ಕ ಬರೆಯುವರು. ಆಗ ನಾವೂ ಸಣ್ಣ ಭಂಡಾರಿಗಳೇ. ಊರಿನ ನೇಕಾರನೋ ರೈತನೋ ಬಂದು ಲೆಕ್ಕ ಕೇಳಿದಾಗ ನಾವು ಬಾಗಿಲನ್ನು ತೆರೆಯುವೆವೋ ಮುಚ್ಚುವೆವೋ ಎಂಬುದನ್ನು ಈಗಲೇ ಯೋಚಿಸಿಕೊಳ್ಳುವುದು ಲೇಸು.